ಗಾಳಿಗೆ ಬಿದ್ದ ಕೊಂಬೆ

ಇಂಗ್ಲಿಷ್ ಟೀಚರಾದ ಮಗಳು ಮರುದಿನದ ಪಾಠ ನೋಡಿಕೊಳ್ಳುತ್ತಾ ಹೇಳಿದಳು: "ಅಮ್ಮ, ವಿಂಡ್‌ಫಾಲ್ ಅಂತ ಒಂದು ಪದ ಇದೆ. ವಿಂಡ್ ಅಂದ್ರೆ ಗಾಳಿ, ಫಾಲ್ ಅಂದ್ರೆ ಬೀಳೋದು. ಮೊದಲು ಗಾಳಿಗೆ ಬಿದ್ದ ಮರಕ್ಕೆ, ಹಣ್ಣಿಗೆ ಹಾಗನ್ನೋರಂತೆ. ಆಮೇಲೆ ಕಾಯದೇ ಕೈಗೆ ಬಂದ ಲಾಭಕ್ಕೆಲ್ಲ ಅದೇ ಹೆಸರಾಯ್ತು."

"ಕಾಯದೇನಾ?" ಅಮ್ಮ ನಕ್ಕಳು. "ನಿಮ್ಮಪ್ಪನ್ನ ಕೇಳಬೇಕಿತ್ತು."

ಅಪ್ಪ ತೀರಿಕೊಂಡು ವರ್ಷವಾಗಿತ್ತು.

ಅಮ್ಮ ಆಯುಷ್ಯವೆಲ್ಲ ಊರಿನ ಪಾರ್ಕು ಗುಡಿಸಿದವಳು. ಗಾಳಿಗೆ ಬಿದ್ದ ಕೊಂಬೆ ಗುಡಿಸುವವರಿಗೆ, ಕಡಿದದ್ದು ಕಚೇರಿಗೆ ಎಂಬುದು ಅಲ್ಲಿನ ರೂಢಿ. ಉಳಿದವರು ಕೋಲು ಹಿಡಿದು ಗಾಳಿಗೆ ಒಂದಿಷ್ಟು ಸಹಾಯ ಮಾಡುತ್ತಿದ್ದರು. ಇವಳು ಒಂದು ಕಡ್ಡಿಯನ್ನೂ ಎಳೆದವಳಲ್ಲ. ಹಟದಲ್ಲಿ ಅವಳಿಗೆ ಅವಳೇ ಸಾಟಿ.

ಮಗಳು ಹೊಟ್ಟೆಯಲ್ಲಿದ್ದಾಗ ಅವಳದು ಒಂದೇ ಆಸೆ: ಗೇಟಿನ ಬಳಿಯ ಮುದಿ ಮರದ ದಪ್ಪ ಕೊಂಬೆ ಬೀಳಬೇಕು, ತೊಟ್ಟಿಲಾಗಬೇಕು. ಗಂಡ ಬಡಗಿ. ಕೈಯಲ್ಲಿ ಕಸುಬಿತ್ತು, ಒಳ್ಳೆಯ ಮರ ಕೊಳ್ಳುವ ತಾಕತ್ತಿರಲಿಲ್ಲ. ದಿನಾ ಮರದಡಿ ನಿಂತು ಕತ್ತೆತ್ತಿ ನೋಡುವನು.

"ಗಾಳಿ ಬಂದಾಗ ತೂರಿಕೋ ಅಂತಾರೆ. ಆ ಗಾಳಿ ಎಲ್ಲಿ ಹಾಳಾಗಿ ಹೋಯ್ತೇ?"

"ಬರುತ್ತೆ ಬಿಡ್ರಿ. ಅದಕ್ಕೂ ಅದರ ಕೆಲಸ ಇರುತ್ತೆ."

ದಿನ ತುಂಬುವ ಹೊತ್ತಿಗೆ ಒಂದು ಬೆಳಿಗ್ಗೆ ಕೊಂಬೆ ನೆಲದ ಮೇಲಿತ್ತು. ಹಿಂದಿನ ದಿನ ಎಲೆ ಅಲ್ಲಾಡುವಷ್ಟೂ ಗಾಳಿ ಬೀಸಿರಲಿಲ್ಲ. ಅವಳು ತುದಿ ಮುಟ್ಟಿ ನೋಡಿದಳು: ಮೇಜಿನ ಅಂಚಿನಷ್ಟು ನುಣುಪು. ಪಾಪ, ಕದಿಯಲು ಹೋದಾಗಲೂ ಒರಟಾಗಿ ಕೊಯ್ಯಲು ಬಾರದ ಮನುಷ್ಯ. ಅವಳು ಕಚೇರಿಯವರನ್ನು ಕರೆದು ಕೊಂಬೆ ಒಪ್ಪಿಸಿದಳು, ಕೊಯ್ದವರು ಯಾರೆಂದು ಮಾತ್ರ ಬಾಯಿ ಬಿಡಲಿಲ್ಲ. ಮಗಳು ಬಟ್ಟೆಯ ಜೋಲಿಯಲ್ಲೇ ಬೆಳೆದಳು.

ಗಂಡ ಎಷ್ಟೋ ದಿನ ಮುಖ ಊದಿಸಿಕೊಂಡೇ ಇದ್ದ. ಕೊನೆಗೆ ಅವಳು, "ಅಲ್ಲರೀ, ಗಾಳಿಗೆ ಅಷ್ಟು ನೀಟಾಗಿ ಕೊಯ್ಯೋಕೆ ಬರುತ್ತಾ?" ಎಂದಾಗ ತಡೆಯಲಾರದೆ ನಕ್ಕುಬಿಟ್ಟ. ಆಮೇಲೆ ಮನೆಯಲ್ಲಿ ಯಾರು ಏನು ತಪ್ಪು ಮಾಡಿದರೂ "ಗಾಳಿ ಮಾಡಿದ್ದು" ಎನ್ನುವುದೇ ಮಾತಾಯಿತು. ಈಗ ಹಾಗೆನ್ನುವವರಿಲ್ಲದೆ ಮನೆ ಬಿಕೋ ಎನ್ನುತ್ತಿತ್ತು, ಆ ತೊಟ್ಟಿಲು ಮಾಡಿಸಿಕೊಳ್ಳಬಹುದಿತ್ತಲ್ಲ ಎಂದು ಅವಳಿಗೆ ಮತ್ತೆ ಮತ್ತೆ ಅನಿಸುತ್ತಿತ್ತು.

ಆ ವಾರವೇ ಬಿರುಗಾಳಿ ಎದ್ದಿತು. ಮುದಿ ಮರದ ಇನ್ನೊಂದು ಕೊಂಬೆ ಗೇಟಿಗೆ ಅಡ್ಡ ಬಿದ್ದಿದೆ ಎಂದು ಕೇಳಿದ್ದೇ ತಡ, ಅಮ್ಮ ಚಪ್ಪಲಿ ಮೆಟ್ಟಿ ಹೊರಟಳು.

"ತಗೊಂಡು ಹೋಗಿ ಅಮ್ಮ, ಗಾಳಿಗೇ ಬಿದ್ದಿದ್ದು" ಎಂದಳು ಈಗ ಅಲ್ಲಿ ಗುಡಿಸುವ ಹೆಂಗಸು.

ಅಮ್ಮ ಬಗ್ಗಿ ಮುರಿದ ತುದಿಯ ಮೇಲೆ ಬೆರಳಾಡಿಸಿದಳು. ಸೀಳು ಸೀಳಾಗಿ ಚುಚ್ಚುತ್ತಿತ್ತು. ಎಷ್ಟು ತಡಕಿದರೂ ಎಲ್ಲೂ ನುಣುಪು ಸಿಗಲಿಲ್ಲ.