ಸೀಟು ಖಾಲಿ, ಎಂಜಿನ್ ಚಾಲೂ

೧೯೮೪, ಫೆಬ್ರವರಿ ತಿಂಗಳ ಒಂದು ಸೋಮವಾರ, ಬೆಳಗ್ಗೆ ಆರು ಗಂಟೆ. ಹಾಜರಿದ್ದವರು: ನಾನು, ನನ್ನ ಅತ್ತಿಗೆ, ಅತ್ತಿಗೆಯ ತಮ್ಮ. ಶಿರಾದಿಂದ ಬರಬೇಕಿದ್ದ ಮೇಸ್ತ್ರಿ ಇನ್ನೂ ಬಂದಿರಲಿಲ್ಲ. ಮಧುಗಿರಿಯ ಹೊರಗೆ, ಅತ್ತಿಗೆಯ ಮನೆಯ ಪಕ್ಕದ ಬಯಲಿನಲ್ಲಿ ಲಾರಿ ಚಾಲೂ ಆಗಿ ನಿಂತಿತ್ತು. ಸೀಟಿನಲ್ಲಿ ಯಾರೂ ಇರಲಿಲ್ಲ.

ನಾನು ಆಗ ಸೈನ್ಯದ ವಾಹನ ವರ್ಕ್‌ಶಾಪಿನಲ್ಲಿ ಹವಾಲ್ದಾರ. ರಜೆಯ ಕೊನೆಯ ಎರಡು ದಿನಗಳನ್ನು ಅತ್ತಿಗೆಯ ಮನೆಗೆಂದು ಇಟ್ಟುಕೊಂಡು ಹಿಂದಿನ ಸಂಜೆ ಬಂದಿದ್ದೆ. ಎದ್ದ ಕೂಡಲೇ ಹಾಸಿಗೆ ಸುತ್ತಿ, ಗಡ್ಡ ತೆಗೆದು, ಆಮೇಲೆಯೇ ಮನೆಯಿಂದ ಹೊರಗೆ ಕಾಲಿಡುವುದು ನನ್ನ ಪದ್ಧತಿ. ಅಂದು ಹಾಸಿಗೆ ಹಾಗೇ ಬಿಟ್ಟು ಹೊರಗೆ ಬಂದೆ.

ಅತ್ತಿಗೆ ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ಸಗಣಿ ನೀರಿನ ಬಕೆಟ್ಟು. ಅಂಗಳಕ್ಕೆ ಹಾಕಿರಲಿಲ್ಲ.

"ದಿನಾ ಇಂಗೇ ಕಣಪ್ಪ," ಎಂದರು. "ನಾನು ಕಣ್ಣು ಬುಡೋ ಹೊತ್ಗೆ ಇದು ಕೂಗ್ತಾ ಇರ್ತದೆ. ಒಳಗೆ ನೋಡಿದ್ರೆ ಸೀಟ್ನಾಗೆ ಯಾರೂ ಇರಲ್ಲ. ಅವತ್ತೂ ಇಂಗೇ ಅಲ್ವಾ ಕೂಗಿದ್ದು?"

ಅವತ್ತು ಎಂದರೆ ಹಿಂದಿನ ದೀಪಾವಳಿಯ ಮರು ವಾರ. ನನ್ನ ಅಣ್ಣ ಪಾವಗಡದಲ್ಲಿ ಕಡಲೆಕಾಯಿ ತುಂಬಿಕೊಂಡು ಒಬ್ಬನೇ ಮಧುಗಿರಿಯ ಕಡೆ ಬರುತ್ತಿದ್ದ. ಲಾರಿಯ ಬ್ಯಾಟರಿ ಸತ್ತಿತ್ತು. ಆಫ್ ಮಾಡಿದರೆ ಮತ್ತೆ ಸ್ಟಾರ್ಟ್ ಮಾಡಲು ನಾಲ್ಕು ಜನ ತಳ್ಳಬೇಕು. ಅಂಥ ಗಾಡಿಯ ಡ್ರೈವರು ಒಬ್ಬನೇ ಇದ್ದರೆ ಎಂಜಿನ್ ಆರಿಸುವುದಿಲ್ಲ. ಓಡಲು ಬಿಟ್ಟು ಸ್ಟೇರಿಂಗಿನ ಮೇಲೆ ತಲೆಯಿಟ್ಟು ಕಣ್ಣು ಮುಚ್ಚುತ್ತಾನೆ. ಅಣ್ಣನೂ ರಸ್ತೆ ಬದಿಯ ಹುಣಸೆ ಮರದ ಕೆಳಗೆ ಹಾಗೆಯೇ ಮಾಡಿದ. ಅವನ ಎದೆ ನಿಂತಿತು, ಎಂಜಿನ್ ನಿಲ್ಲಲಿಲ್ಲ. ಮೊದಲೇ ಕೀಲೆಣ್ಣೆ ಸೋರುತ್ತಿದ್ದ ಎಂಜಿನ್ ಅದು. ಎಣ್ಣೆ ಬತ್ತುವವರೆಗೆ ಓಡಿ, ಒಳಗೆಲ್ಲ ಕಚ್ಚಿಕೊಂಡು ಸತ್ತಿತು. ಹತ್ತಿರದಲ್ಲಿ ಕುರಿ ಮಂದೆ ನಿಲ್ಲಿಸಿಕೊಂಡಿದ್ದ ಒಬ್ಬರು ನಮಗೆ ಹೇಳಿದ್ದು ಇಷ್ಟೇ: "ಕೋಳಿ ಕೂಗೋ ಹೊತ್ನಾಗೆ ಗಾಡಿ ಕಿರುಚ್ಕಂತು ಸಾಮಿ. ಆಮ್ಯಾಕೆ ಸುಮ್ಕಾತು. ಅಂಗಾಗೇ ಹೋಗಿ ನೋಡಿದ್ವಿ."

ಅಣ್ಣ ಯಾವಾಗ ಹೋದ, ಎಂಜಿನ್ ಎಷ್ಟು ಹೊತ್ತು ಅವನನ್ನು ಕೂರಿಸಿಕೊಂಡು ಓಡಿತು, ಯಾರಿಗೂ ತಿಳಿಯದು. ಈ ಪ್ರಶ್ನೆ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ರಸ್ತೆ ಬದಿಯಲ್ಲಿ ಯಾವ ಲಾರಿ ಚಾಲೂ ಆಗಿ ನಿಂತಿದ್ದರೂ ನಾನು ಹೋಗಿ ಸೀಟು ನೋಡದೆ ಮುಂದೆ ಹೋಗುವುದಿಲ್ಲ. ಡ್ರೈವರುಗಳು ಬೈದಿದ್ದಾರೆ. ಬೈಯಲಿ.

ಲಾರಿಗೆ ಹೊಸ ಎಂಜಿನ್ ಕೂರಿಸಿದವರು ಶಿರಾದ ಮೇಸ್ತ್ರಿ, ಅಣ್ಣನ ಸ್ನೇಹಿತರು. ಅದನ್ನು ಪಳಗಿಸಲು ಗೊತ್ತು ಮಾಡಿದ ಇಬ್ಬರು ಡ್ರೈವರುಗಳು ಒಂದೊಂದು ಟ್ರಿಪ್ಪಿಗೇ ಕೈಬಿಟ್ಟರು. ಸತ್ತವನ ಸೀಟಿನಲ್ಲಿ ಊರಲ್ಲೇ ಇರುವ ಅವನ ಮನೆಯವರು ಕೂತು ಲೋಡ್ ಎಳೆದ ಮೇಲೆಯೇ ಹೊರಗಿನವರು ಕೂರಬೇಕೆಂಬುದು ಆ ಕಡೆಯ ಡ್ರೈವರುಗಳ ನಡವಳಿಕೆ. ನಾನು ಮರುದಿನ ಹೊರಡುವವನು. ಊರಲ್ಲಿರುವವರ ಪೈಕಿ ಲೈಸೆನ್ಸ್ ಇದ್ದವನು ಅತ್ತಿಗೆಯ ತಮ್ಮನೊಬ್ಬನೇ. ಅವನು ಕೂರದಿದ್ದರೆ ಲಾರಿ ಗುಜರಿಗೆ. ಅತ್ತಿಗೆಯ ಬದುಕಿಗೆ ಆ ಲಾರಿಯ ಹೊರತು ಬೇರೆ ದಾರಿ ಇರಲಿಲ್ಲ. ನನ್ನ ಕೈಯಲ್ಲಿದ್ದದ್ದು ಆ ಒಂದು ಹಗಲು.

ಅವನು ಲಾರಿಯ ಹಿಂದೆ ಬೇವಿನ ಕಡ್ಡಿ ಅಗಿಯುತ್ತಿದ್ದ. ಮೂವತ್ತು ದಾಟಿದ ಗಟ್ಟಿ ಆಳು.

"ಏನ್ಲಾ, ಗಾಡಿ ಚಾಲೂ ಮಾಡಿ ಇಲ್ಲಿ ನಿಂತಿದ್ದೀಯ?"

"ಹೊಸ ಎಂಜಿನ್ ಅಲ್ವಾ ಭಾವ. ದಿನಾ ಒಂದಿಷ್ಟು ಓಡ್ಲಿ, ನುಣ್ಣಗಾಗ್ಲಿ ಅಂತ."

"ಸೀಟ್ ಮೇಲೆ ಕೂತ್ಕೊಂಡು ಮಾಡಕ್ಕೇನು?"

ಅವನು ಉಗಿದು, ನೆಲ ನೋಡಿದ. ಫುಟ್‌ಬೋರ್ಡ್ ಮೇಲೆ ನಿಂತು, ಕಿಟಕಿಯಿಂದ ಕೈ ತೂರಿಸಿ ಸ್ಟಾರ್ಟ್ ಮಾಡುತ್ತಿದ್ದನಂತೆ. ಆರಿಸುವ ಗುಂಡಿ ಎಳೆಯುವುದೂ ಹಾಗೆಯೇ. ಈಗಲೂ ಹಾಗೆಯೇ ಆರಿಸಿದ. ಅಕ್ಕನಿಗೆ ಒಳ್ಳೆಯದಾಗಲೆಂದು ಮಾಡುತ್ತಿದ್ದ ಕೆಲಸ. ಅಕ್ಕನಿಗೆ ಮಾತ್ರ ದಿನ ಬೆಳಗಾದರೆ ಆ ಹುಣಸೆ ಮರದ ಕೆಳಗೇ ಎದ್ದಂತಾಗುತ್ತಿತ್ತು.

ಅಷ್ಟರಲ್ಲಿ ಮೇಸ್ತ್ರಿ ಮೊದಲ ಬಸ್ಸಿನಿಂದ ಇಳಿದು ಬಂದರು. ಹೆಗಲ ಮೇಲೆ ಎಣ್ಣೆಯ ದೊಡ್ಡ ಡಬ್ಬ. ಬೊಂಬಾಯಿಯ ಬಂದರಿನಲ್ಲಿ ಕೆಲಸಕ್ಕಿದ್ದ ಅವರ ತಮ್ಮ ಕಳಿಸಿದ್ದ ಸಿಂಥೆಟಿಕ್ ಎಣ್ಣೆ. ನಮ್ಮ ಕಡೆ ಯಾರೂ ಕಂಡಿರಲಿಲ್ಲ. ಹಳೆಯ ಎಣ್ಣೆ ಇಳಿಸಿ ಅದನ್ನು ತುಂಬಲೆಂದೇ ಬಂದಿದ್ದರು. ಹೊಗೆ ಕೊಳವೆಯೊಳಗೆ ಬೆರಳಾಡಿಸಿದರು. ಬೆರಳು ಎಣ್ಣೆಯಾಯಿತು.

"ಅರೆ, ಯಾರ್ರೀ ಇದುನ್ನ ನಿಂತಲ್ಲೇ ಓಡ್ಸಿದ್ದು? ಫೌಜಿ ಸಾಬ್, ನಿಮ್ದಾ ಈ ಕವಾಯತು?"

"ನಂದಲ್ಲ ಸಾಬ್ರೆ. ಇವನ್ದು."

ಮೇಸ್ತ್ರಿ ಅತ್ತಿಗೆಯ ಕಡೆ ತಿರುಗಿದರು. "ಬೆಹೆನ್, ಹೊಸ ಬೀಸೋ ಕಲ್ಲಿಗೆ ಮೊದ್ಲು ಏನ್ ಹಾಕ್ತೀರಿ?"

"ತೌಡು ಹಾಕಿ ಬೀಸ್ತೀವಿ."

"ಏನೂ ಹಾಕ್ದೆ ಸುಮ್ನೆ ತಿರುಗ್ಸಿದ್ರೆ?"

"ಕಲ್ಲನ್ನ ಕಲ್ಲೇ ತಿಂದು ನುಣ್ಣಗಾಗ್ತದೆ. ಆಮೇಲೆ ರಾಗಿ ಹಿಡಿಯಲ್ಲ."

"ಅಷ್ಟೇ ನೋಡಿ. ಇದ್ರ ಪಿಸ್ಟನ್ ರಿಂಗು ಇನ್ನೂ ಸವೆದು ಗೋಡೆಗೆ ಕೂತಿಲ್ಲ. ಭಾರ ಎಳುದ್ರೆ ಕೂತ್ಕೊತದೆ. ಈ ನುಣುಪು ಎಣ್ಣೆ ಈಗ್ಲೇ ಹಾಕಿದ್ರೆ ಜನ್ಮಕ್ಕೂ ಕೂರಲ್ಲ." ಡಬ್ಬವನ್ನು ಜಗಲಿಯ ಮೇಲಿಟ್ಟು ಅತ್ತಿಗೆಯ ತಮ್ಮನನ್ನು ನೋಡಿದರು. "ಫೌಜಿ ಸಾಬ್, ಎಂಜಿನ್ನಿಗೇನೂ ಭಯ ಇಲ್ಲ, ನಿಮ್ ಬಾಮೈದಂಗೇ ಭಯ."

"ಭಯ ಯಾರಿಗ್ ಸಾಬ್ರೆ?" ಎಂದ ಅವನು. ಆದರೆ ಲಾರಿಯ ಕಡೆ ಹೆಜ್ಜೆ ಇಡಲಿಲ್ಲ.

ನಾನು ಕೆಲಸ ಹಂಚಿದೆ. ಪಾವಗಡದಲ್ಲಿ ಮನೆ ಕಟ್ಟುವವರೊಬ್ಬರಿಗೆ ಹೋಗಬೇಕಾದ ಚಪ್ಪಡಿಕಲ್ಲು ಕಲ್ಲುಕ್ವಾರಿಯಲ್ಲಿ ಬಿದ್ದಿತ್ತು. ಅದನ್ನು ಹೇರಿಕೊಂಡು ಹೋಗಿ ಇಳಿಸಿ ಬರುವುದು. ಕ್ವಾರಿಯವರೆಗೆ ನಾನು ಓಡಿಸುವುದು, ಮುಂದಕ್ಕೆ ಅವನು. ಮೇಸ್ತ್ರಿ ಮನೆಯಲ್ಲಿ ಕಾಯುವುದು. ಇನ್ನು ಮಾತಿಲ್ಲ ಎಂದೆ.

ಕ್ವಾರಿಯಲ್ಲಿ ಲಾರಿ ತುಂಬಿದ ಮೇಲೆ ನಾನು ಎಡಗಡೆಗೆ ಸರಿದು ಕೂತೆ. ಅವನು ಬಾಗಿಲು ಹಿಡಿದು ನಿಂತೇ ಇದ್ದ. ಕಲ್ಲು ಹೇರಿದ ಆಳುಗಳು ನೋಡುತ್ತಿದ್ದರು. "ಯಾಕಣ್ಣ, ಸೀಟ್ನಾಗೆ ಮುಳ್ಳೈತಾ?" ಎಂದು ಒಬ್ಬ ನಕ್ಕ. ಆ ಮಾತು ಅವನನ್ನು ಸೀಟಿಗೆ ಹತ್ತಿಸಿತು, ನನ್ನ ಆಜ್ಞೆಯಲ್ಲ.

ಗಾಡಿಗೆ ಅವನ ಕೈ ಚೆನ್ನಾಗಿ ಒಗ್ಗಿತು. ಆದರೆ ಬೆನ್ನು ಸೀಟಿಗೆ ತಾಗಿಸದೆ, ಮುಂದಕ್ಕೆ ಬಗ್ಗಿ ಕೂತಿದ್ದ, ಹಿಂದೆ ಇನ್ನೊಬ್ಬರಿಗೆ ಜಾಗ ಬಿಟ್ಟವನಂತೆ. ಮಿಡಿಗೇಶಿ ದಾಟಿ ಏರು ಬಂದಾಗ ಸಣ್ಣ ಗೇರಿಗೆ ಇಳಿಸಿ, ಪೆಡಲು ಒತ್ತಿ, ಮೇಲೆ ಹತ್ತಿದ ಮೇಲೆ ಬಿಡು ಎಂದೆ. ಹಾಗೆ ಒತ್ತುತ್ತ ಬಿಡುತ್ತ ಸಾಗಿದೆವು. ಹೊಗೆ ಮೊದಲು ಎಣ್ಣೆ ಸುಟ್ಟ ನೀಲಿ, ಆಮೇಲೆ ತೆಳು.

ಹುಣಸೆ ಮರ ಕಂಡಿತು. ನಿಲ್ಲಿಸು ಎಂದು ನಾನು ಹೇಳಲಿಲ್ಲ. ಅವನೇ ನಿಲ್ಲಿಸಿದ. ಎಂಜಿನ್ ಓಡುತ್ತಲೇ ಇತ್ತು. ಅವನು ಇಳಿದು ಮರದ ಬುಡದವರೆಗೆ ಹೋದ. ನಾನು ತಿರುಗಿ ನೋಡಿದೆ. ಸೀಟು ಖಾಲಿ. ಸ್ಟೇರಿಂಗು ಎಂಜಿನ್ನಿನ ಅದುರಾಟಕ್ಕೆ ತಾನೇ ಸಣ್ಣಗೆ ಅತ್ತಿತ್ತ ಆಡುತ್ತಿತ್ತು. ಹಿಡಿದ ಕೈ ಇದ್ದರೆ ಹೇಗೋ, ಹಾಗೆ. ಅಣ್ಣನ ಪಕ್ಕ ಎಷ್ಟೋ ಸಲ ಇದೇ ಜಾಗದಲ್ಲಿ ಕೂತು ಹೋಗಿದ್ದೆ. ಈಗಲೂ ಪಕ್ಕದಲ್ಲಿ ಯಾರೋ ಉಸಿರಾಡುತ್ತಿದ್ದಾರೆ ಅನ್ನಿಸಿತು. ಅದು ಎಂಜಿನ್ನಿನ ಶಬ್ದ ಎಂದು ವರ್ಕ್‌ಶಾಪಿನ ಬುದ್ಧಿ ಹೇಳಿತು. ಮೈಮೇಲಿನ ಕೂದಲು ಒಪ್ಪಲಿಲ್ಲ.

"ಬಂದು ಆಫ್ ಮಾಡು ಕಣ್ಲಾ," ಎಂದೆ. ನನ್ನ ದನಿ ಜೋರಾಗಿತ್ತು.

"ಮತ್ತೆ ಸ್ಟಾರ್ಟ್ ಆಗ್ದಿದ್ರೆ ಭಾವ?"

"ಹೊಸ ಬ್ಯಾಟರಿ. ಆಗ್ತದೆ."

"ನೀವೇ ಎಳೀರಿ ಗುಂಡಿನ."

"ನಾನು ನಾಳೆ ಇರಲ್ಲ ಕಣ್ಲಾ. ಗಾಡಿ ನಿಂದು."

ಅವನು ಬಂದ. ಫುಟ್‌ಬೋರ್ಡಿನ ಮೇಲೆ ನಿಂತು ಕೈ ಚಾಚಿದವನು, ಏನನ್ನಿಸಿತೋ, ಕೈ ಹಿಂದಕ್ಕೆ ತೆಗೆದ. ಬಾಗಿಲು ತೆರೆದು ಒಳಗೆ ಬಂದು ಪೂರ್ತಿ ಕೂತ. ಬೆನ್ನು ಒರಗಿತು. ಗುಂಡಿ ಎಳೆದ. ಎಂಜಿನ್ ಎರಡು ಸಲ ಕೊಸರಿ ನಿಂತಿತು. ಆಮೇಲೆ ಕೇಳಿದ್ದು ಬಿಸಿ ಕಬ್ಬಿಣ ಆರುವ ಟಿಕ್ ಟಿಕ್, ಬಯಲಿನ ಗಾಳಿ.

"ಇಷ್ಟೇ ಅಲ್ವಾ ಭಾವ, ಅವತ್ತು ಯಾರಾದ್ರೂ ಮಾಡ್ಬೇಕಾಗಿದ್ದು," ಎಂದ. ಅಳುತ್ತಿದ್ದ. ನಾನು ರಸ್ತೆ ನೋಡಿದೆ. ಮುಖ ಒರೆಸಿಕೊಂಡು ಅವನೇ ಸ್ಟಾರ್ಟ್ ಮಾಡಿದ. ಒಂದೇ ಸಲಕ್ಕೆ ಹಿಡಿಯಿತು. ಪಾವಗಡದಲ್ಲಿ ಕಲ್ಲು ಇಳಿಸಿ, ಊಟ ಮಾಡಿ, ಬಿಸಿಲು ಇಳಿಯುವ ಮೊದಲು ಮನೆ ಸೇರಿದೆವು.

ಎಣ್ಣೆ ಬಿಸಿಯಾಗಿರುವಾಗಲೇ ಮೇಸ್ತ್ರಿ ಕೆಳಗಿನ ಬೋಲ್ಟು ಬಿಚ್ಚಿದರು. ಕಪ್ಪು ಎಣ್ಣೆ ಬಾಣಲೆಗೆ ಇಳಿಯಿತು. ಬೆರಳಲ್ಲಿ ಉಜ್ಜಿ, ಸಣ್ಣ ಪುಡಿ ಹೊಳೆಯುವುದನ್ನು ತೋರಿಸಿ, "ಈಗ ರಿಂಗು ತಿನ್ನೋಕೆ ಶುರು ಮಾಡೈತೆ, ಕೂತ್ಕೊತದೆ," ಎಂದರು. ಮಾಮೂಲಿ ಎಣ್ಣೆಯನ್ನೇ ತುಂಬಿದರು. ಬೊಂಬಾಯಿ ಡಬ್ಬವನ್ನು ಯುಗಾದಿ ಕಳೆದ ಮೇಲೆ, ಲಾರಿ ಸಾಕಷ್ಟು ಭಾರ ಎಳೆದ ನಂತರ ಒಡೆದರಂತೆ. ಆಗ ನಾನಿರಲಿಲ್ಲ.

ಹೊಸ ಎಣ್ಣೆ ಒಳಗೆಲ್ಲ ಸುತ್ತಲೆಂದು ಅತ್ತಿಗೆಯ ತಮ್ಮ ಹತ್ತಿ ಕೂತು ಸ್ವಲ್ಪ ಓಡಿಸಿದ. ಅತ್ತಿಗೆ ಹತ್ತಿರ ಬಂದು, ಕಿಟಕಿಯಲ್ಲಿ ಅವನ ಮುಖ ನೋಡಿದರು.

"ನಾಳೆ ಬೆಳಿಗ್ಗೆ?" ಎಂದರು.

"ಶಿರಾಕ್ಕೆ ಲೋಡ್ ಐತೆ ಅಕ್ಕ. ಕೂತ್ಮೇಲೇ ಸ್ಟಾರ್ಟ್ ಮಾಡ್ತೀನಿ."

"ಆಫ್ ಮಾಡು. ನೋಡ್ತೀನಿ."

ಅವನು ಗುಂಡಿ ಎಳೆದ. ಶಬ್ದ ಪೂರ್ತಿ ಆರುವವರೆಗೆ ಅತ್ತಿಗೆ ಕಿಟಕಿಯ ಮೇಲಿಟ್ಟ ಕೈ ತೆಗೆಯಲಿಲ್ಲ. ಆಮೇಲೆ ಒಲೆ ಹಚ್ಚಲು ಒಳಗೆ ಹೋದರು. ಎಣ್ಣೆ ತಳಕ್ಕೆ ಇಳಿಯಲೆಂದು ನಾನು ಕಾದೆ. ಅಳತೆ ಕಡ್ಡಿ ಎಳೆದು, ಒರೆಸಿ, ಮತ್ತೆ ಅದ್ದಿ ನೋಡಿದೆ. ಮಟ್ಟ ಸರಿಯಿತ್ತು. ಕಡ್ಡಿ ಸಿಕ್ಕಿಸಿ ಬಾನೆಟ್ ಮುಚ್ಚಿದೆ.