ಕಟ್ಟೆಯಿಲ್ಲದ ಹೊಳೆ

ಕೃಷ್ಣಪ್ಪ ಹಟಗಾರ. ಎತ್ತು ಮಲಗಿದರೆ ತಾನೇ ನೊಗಕ್ಕೆ ಹೆಗಲು ಕೊಡುವ ಆಸಾಮಿ. ಗೊರೂರು ಕಟ್ಟೆಯ ಹಿನ್ನೀರಿಗೆ ಊರು ಬಿಟ್ಟುಕೊಟ್ಟು ಅರಕಲಗೂಡಿನ ಈಚೆ ನಮ್ಮ ನೆರೆಮನೆಗೆ ಬಂದಾಗ ಅವನಿಗಿನ್ನೂ ಮೀಸೆ ಚಿಗುರುತ್ತಿತ್ತು. ಹಳೆಮನೆ ಬಿಚ್ಚಿ ತೊಲೆ, ಹೆಂಚು, ಬಾಗಿಲುಗಳನ್ನೆಲ್ಲ ಗಾಡಿಗೆ ಹೇರಿ ತಂದಿದ್ದರು. ಮನೆದೇವತೆ ಹೊಲದಮ್ಮನ ಕಲ್ಲನ್ನು ಮಾತ್ರ ತರಲಿಲ್ಲ. ನಿಂತ ನೆಲದಿಂದ ಆ ತಾಯಿಯನ್ನು ಕೀಳುವಂತಿಲ್ಲ ಎಂಬುದು ಅವರ ಮನೆತನದ ಕಟ್ಟು. ಮನೆಯ ಹೆಣ್ಣುಮಗಳ ಧಾರೆಗೆ ಮುಂಚೆ ಮೊದಲ ದೀಪ ಅವಳಿಗೇ ಹಚ್ಚಬೇಕು. ಅಪ್ಪ ನಂಜಪ್ಪ ಸಾಯುವಾಗ ಮಗನ ಕೈ ಹಿಡಿದು ಕೇಳಿಕೊಂಡದ್ದು ಅದೊಂದನ್ನೇ.

ಎರಡು ಸಾವಿರದ ಮೂರರ ಬೇಸಿಗೆಯಲ್ಲಿ ಹಿನ್ನೀರು ಯಾವತ್ತೂ ಇಲ್ಲದಷ್ಟು ಹಿಂದೆ ಸರಿಯಿತು. ಮಗಳು ಭವ್ಯಶ್ರೀಯ ಮದುವೆಯೂ ಗೊತ್ತಾಗಿತ್ತು. ದೀಪ ಹಚ್ಚಬೇಕೆಂದರೆ ಇದೇ ಕಾಲ. ಹೋಗಿ ನೋಡಿದರೆ ಕೆಸರಿನ ಬಯಲು; ಗುರುತಿಗೊಂದು ಮರವಿಲ್ಲ, ಗೋಡೆಯಿಲ್ಲ. ಹೊಲದಮ್ಮ ಇದ್ದದ್ದು ಹೊಳೆ ಮೊಣಕೈಯಂತೆ ಬಾಗುವ ಕಡೆ, ದಂಡೆಯ ಮೇಲೆ. ಆ ಬಾಗು ಎಲ್ಲಿತ್ತೆಂಬುದನ್ನೇ ಹೂಳು ನುಂಗಿತ್ತು. ಸಕಲೇಶಪುರದ ಕಡೆ ಮೋಡ ಕಟ್ಟುತ್ತಿತ್ತು. ಅಲ್ಲಿ ಮಳೆ ಹುಯ್ದರೆ ಇಲ್ಲಿ ನೀರು ಏರುತ್ತದೆ.

ಮಗಳಿಗೆ ಕಂಪ್ಯೂಟರ್ ಕಲಿಸಿದ್ದ ಗಿರಿಧರ ಮೇಷ್ಟ್ರಿಗೆ ಲಗ್ನಪತ್ರಿಕೆ ಕೊಡಲು ಕೃಷ್ಣಪ್ಪ ಹಾಸನಕ್ಕೆ ಹೋದ. ಜೊತೆಗೆ ನಾನೂ ಹೋಗಿದ್ದೆ. ಮೇಷ್ಟ್ರು ವಿಮಾನ ಹಾರಿಸುವ ಆಟ ಆಡುತ್ತಿದ್ದರು. ಪರದೆಯ ಮೇಲೆ ನಮ್ಮ ಸೀಮೆಯೇ ತೇಲುತ್ತಿತ್ತು: ಬೋರೆ, ಬಯಲು, ಹೇಮಾವತಿ. ಕೃಷ್ಣಪ್ಪ ಪತ್ರಿಕೆ ಕೊಡುವುದನ್ನೇ ಮರೆತ.

"ಇದ್ರಾಗೆ ಗೊರೂರು ಕಟ್ಟೆ ಎಲ್ಲೈತೆ ಮೇಷ್ಟ್ರೇ?"

"ಇಲ್ಲ. ಎಲ್ಲೋ ಕೂತವರು ಯಾವುದೋ ಹಳೇ ನಕ್ಷೆ ನೋಡಿ ಗೀಚಿದ್ದಾರೆ."

"ಅಂಗಾದ್ರೆ ಇದು ಕಟ್ಟೆಗೆ ಮುಂಚಿನ ಹೊಳೆ. ನಮ್ಮೂರು ಇದ್ರಾಗೆ ಮುಳುಗಿಲ್ಲ."

ಮೇಷ್ಟ್ರು ವಿಮಾನವನ್ನು ತಗ್ಗಿಸಿ ತೋರಿಸಿದರು. "ನೋಡಿ, ಇಲ್ಲಿ ಹೊಳೆ ಬೋರೆ ಹತ್ತಿ ಆಚೆ ಇಳಿದಿದೆ. ನೀರು ಗುಡ್ಡ ಹತ್ತುತ್ತಾ ಕೃಷ್ಣಪ್ಪನವರೇ? ಇದನ್ನ ನಂಬಬೇಡಿ."

"ಅಲ್ಲೊಂದ್ಕಡೆ ಕೈ ಜಾರೈತೆ. ಮಿಕ್ಕಿದ್ದು ನಾನು ಈಜಿದ್ ಹೊಳೆನೇ."

ಹಿನ್ನೀರಿಗೆ ಮುಳುಗದೆ ಉಳಿದಿದ್ದ ಆ ಬೋರೆಯ ನೆತ್ತಿಯಿಂದ ಹೊಳೆಯ ಮೊಣಕೈ ಯಾವ ದಿಕ್ಕಿಗೆ, ಎಷ್ಟು ದೂರ ಎಂದು ಕಣ್ಣಲ್ಲೇ ಅಳೆದುಕೊಂಡು ಬಂದ.

ಮಾರನೆಯ ಬೆಳಿಗ್ಗೆ ಎಣ್ಣೆ ತುಂಬಿದ ಹಣತೆ ಹಿಡಿದು ಬಯಲಿಗೆ ಇಳಿದ. ದಡದಲ್ಲಿ ನಾನು ಮತ್ತು ಅವನ ಹೆಂಡತಿ ಅನಸೂಯಮ್ಮ. ಬೋರೆ ನೋಡುತ್ತ, ಪರದೆಯಲ್ಲಿ ಕಂಡ ದಿಕ್ಕು ಹಿಡಿದು ನಡೆದ. ನೆಲ ಮೇಲೆ ರೊಟ್ಟಿಯಂತೆ ಒಣಗಿತ್ತು, ಕೆಳಗೆ ಅಂಬಲಿ. ನೋಡನೋಡುತ್ತಿದ್ದಂತೆ ಮೊಣಕಾಲಿಗೆ ಹೂತ. ಕಾಲು ಕಿತ್ತುಕೊಳ್ಳಲು ಹೋಗಿ ಸೊಂಟಕ್ಕೆ ಇಳಿದ.

ನಾನು ಕೂಗಿದ್ದಕ್ಕೆ ಹಿನ್ನೀರಿನಲ್ಲಿ ಬಲೆ ಬಿಡುತ್ತಿದ್ದ ತಮ್ಮಯ್ಯ ಹರಿಗೋಲನ್ನು ಕೆಸರಿನ ಮೇಲೇ ತಳ್ಳಿಕೊಂಡು ಬಂದ. ಅಷ್ಟರಲ್ಲಿ ಕೆಸರು ಕೃಷ್ಣಪ್ಪನ ಎದೆಗೆ ಬಂದಿತ್ತು. ಒಂದು ಕೈ ಹಣತೆಯನ್ನು ತಲೆಯ ಮೇಲೆ ಎತ್ತಿ ಹಿಡಿದಿತ್ತು.

"ಅಲುಗ್ಬ್ಯಾಡ ಮಾವ. ಅಲುಗಿದಷ್ಟೂ ಎಳ್ಕತದೆ. ದೀಪ ಬುಟ್ಟು ಎರಡ್ ಕೈಲೂ ಅಗ್ಗ ಇಡಿ."

"ಇದು ದಂಡೆ ಅಲ್ಲ ಕಣ್ಲಾ ತಮ್ಮಯ್ಯ. ಕಾಲಿಗೆ ಗುಂಡುಕಲ್ಲು ತಗುಲ್ತಾವೆ. ಹೊಳೆ ಒಳಗೇ ನಿಂತಿವ್ನಿ. ಹೊಲದಮ್ಮ ಆ ಕಡೆಗವ್ಳೆ."

"ಯಾವ್ ಕಡೆಗಾರಾ ಇರ್ಲಿ, ಅಗ್ಗ ಇಡಿ."

"ದೀಪ ಹಚ್ದೆ ನಾ ಬರಾಕಿಲ್ಲ."

ತಮ್ಮಯ್ಯ ಎಸೆದ ಹಗ್ಗ ಅವನ ಭುಜದ ಮೇಲೆ ಬಿದ್ದಿತ್ತು. ಅವನು ಮುಟ್ಟಲಿಲ್ಲ. ಪಡುವಣದಲ್ಲಿ ಗುಡುಗಿತು. ಅನಸೂಯಮ್ಮ ದಡದಿಂದಲೇ ದನಿ ಎತ್ತಿದಳು.

"ಅವ್ಳ ಮಣ್ಣು ನಿಮ್ಮ ಎದೆಗಂಟ ಬಂದದೆ. ಇನ್ನೇನ್ ಗುರುತು ಬೇಕು ನಿಮ್ಗೆ? ದೀಪ ಅಲ್ಲೇ ಇಡಿ."

ಕೃಷ್ಣಪ್ಪ ಎತ್ತಿದ್ದ ಕೈ ಇಳಿಸಿದ. ಆಮೇಲೆ ಒಣಗಿದ ಪದರದ ಮೇಲೆ ಕೈಗೆಟುಕುವಷ್ಟು ದೂರಕ್ಕೆ ಹಣತೆ ಇಟ್ಟ. ತಮ್ಮಯ್ಯ ಬೀಡಿಗೆಂದು ಸೊಂಟದಲ್ಲಿ ಇಟ್ಟುಕೊಂಡಿದ್ದ ಬೆಂಕಿಪೊಟ್ಟಣ ತೆಗೆದು ಹರಿಗೋಲಿನಿಂದ ಬಗ್ಗಿ ಕಡ್ಡಿ ಗೀರಿದ. ಗಾಳಿಗೆ ಆರಿತು. ಇನ್ನೊಂದು ಗೀರಿದ. ಬತ್ತಿ ಹತ್ತಿಕೊಂಡ ಮೇಲೆಯೇ ಕೃಷ್ಣಪ್ಪ ಎರಡೂ ಕೈಯಲ್ಲಿ ಹಗ್ಗ ಹಿಡಿದದ್ದು. ಎಳೆದು ಎಳೆದು ಹರಿಗೋಲಿಗೆ ಹಾಕಿಕೊಂಡಾಗ ಅವನು ಆಗತಾನೇ ಹುಟ್ಟಿದ ಎಮ್ಮೆಕರುವಿನಂತಿದ್ದ. ದೀಪ ಇನ್ನೂ ಉರಿಯುತ್ತಿತ್ತು. ಅದೇ ವಾರ ನೀರು ಏರಿತು.

ಮದುವೆಯ ಪಂಕ್ತಿಯಲ್ಲಿ ತಮ್ಮಯ್ಯ ಬಡಿಸುವವರಿಗೆ ಹೇಳುತ್ತಿದ್ದ: "ಕಂಪ್ಯೂಟ್ರು ಒಳೇಲಿ ಈಜಿದ್ ಗೌಡ್ರು ಬಂದವ್ರೆ, ಎಲೆ ಆಕ್ರಪ್ಪ."

ಪಕ್ಕದಲ್ಲಿ ಕೂತ ಗಿರಿಧರ ಮೇಷ್ಟ್ರ ಮುಖ ಬಾಡಿತ್ತು. "ಆ ಆಟದ ನಕ್ಷೆ ತಿದ್ದೋಕೆ ನನಗೆ ಬರುತ್ತೆ ಕೃಷ್ಣಪ್ಪನವರೇ. ಹೊಳೇನ ಅದರ ಜಾಗಕ್ಕೆ ಸರಿಸ್ತೀನಿ. ಕಟ್ಟೆ ಹಾಕಿ ನೀರು ತುಂಬಿಸಿಬಿಡ್ತೀನಿ. ಇನ್ಯಾರೂ ಮೋಸಹೋಗಬಾರದು."

ಕೃಷ್ಣಪ್ಪನ ಕೈ ಎಲೆಯ ಮೇಲೆಯೇ ನಿಂತಿತು.

"ಹೊಳೆ ಸರ್ಸಿ ಮೇಷ್ಟ್ರೇ," ಎಂದ. "ನೀರು ಮಾತ್ರ ತುಂಬಿಸ್ಬ್ಯಾಡಿ."