ಸದ್ದು ತೆಗೆದು ಸಿನಿಮಾ ನೋಡುತ್ತಿದ್ದ ದಾವಲಸಾಬ ಮಾಸ್ತರ

ಇದು ಆಗುವ ಮಾತಲ್ಲ ಎಂದವರು ನಮ್ಮ ಪತ್ರಿಕೋದ್ಯಮ ವಿಭಾಗದ ಮುಖ್ಯಸ್ಥರು. ನಾನು ಹಾವೇರಿಯ ಕಾಲೇಜಿನಲ್ಲಿ ಬಿ.ಎ. ಕೊನೆಯ ವರ್ಷದಲ್ಲಿದ್ದೆ. ಪ್ರಾಜೆಕ್ಟ್ ವರದಿ ಪಾಸಾಗದಿದ್ದರೆ ಡಿಗ್ರಿ ಇಲ್ಲ. ನಮ್ಮ ಮನೆತನದಲ್ಲಿ ಹತ್ತನೇ ತರಗತಿ ದಾಟಿದವಳು ನಾನೊಬ್ಬಳೇ. ನಾನು ಬರೆದುಕೊಟ್ಟ ವಿಷಯ ಹೀಗಿತ್ತು: ಹೆಸರಾಂತ ರಾಕ್ ಸಂಗೀತಗಾರರ ಜೀವನದ ಮೇಲೆ ಬಂದ ಸಿನಿಮಾಗಳಲ್ಲಿ ನಟರು ನಮ್ಮನ್ನು ಎಷ್ಟರಮಟ್ಟಿಗೆ ನಂಬಿಸುತ್ತಾರೆ. ಸರ್ ಹಾಳೆಯನ್ನು ಎರಡು ಸಲ ಓದಿದರು.

“ನೋಡವಾ, ನಿಮ್ಮೂರು ಹಲಗೇರಿ. ರಾಕ್ ಸಂಗೀತ ಅಂದ್ರ ನಿನಗೇನು ಗೊತ್ತೈತಿ? ತಜ್ಞರು ಎಲ್ಲಿ ಸಿಗ್ತಾರ? ಬ್ಯಾಡಗಿ ಇಲ್ಲೇ ಐತಿ, ಮೆಣಸಿನಕಾಯಿ ಮಾರ್ಕೆಟ್ ಮ್ಯಾಲೆ ಬರಿ.”

ತಜ್ಞರು ರಾಣೆಬೆನ್ನೂರಿನಲ್ಲೇ ಇದ್ದಾರೆ ಎಂದೆ. ಮದುವೆ ಬ್ಯಾಂಡಿನ ದಾವಲಸಾಬ ಮಾಸ್ತರ ಎಂದಾಗ ಸರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಅಂವಾ ಇಂಗ್ಲಿಷ್ ಸಿನಿಮಾ ನೋಡ್ತಾನೇನು?”

“ನೋಡ್ತಾರ್ರಿ ಸರ್. ಸೌಂಡ್ ತಗದು ನೋಡ್ತಾರ.”

ಮಾಸ್ತರ ಎತ್ತರದ, ತೆಳ್ಳನೆಯ ಮನುಷ್ಯ. ನಲವತ್ತು ವರ್ಷ ಟ್ರಂಪೆಟ್ ಒತ್ತಿ ಒತ್ತಿ ಮೇಲ್ದುಟಿಯಲ್ಲಿ ಗುಂಡಗಿನ ಗುರುತೊಂದು ಉಳಿದುಬಿಟ್ಟಿತ್ತು. ಅವರ ಅಂಗಡಿ ಸ್ಟೇಷನ್ ರಸ್ತೆಯ ಹಿಂದಿನ ಓಣಿಯಲ್ಲಿತ್ತು. ಗೋಡೆಗೆ ಕೆಂಪು ಕೋಟುಗಳು, ಮೂಲೆಯಲ್ಲಿ ಹಿತ್ತಾಳೆಯ ವಾದ್ಯಗಳು, ಅವುಗಳ ನಡುವೆ ಒಂದು ಹಳೇ ಟಿವಿ. ಟಿವಿಯಲ್ಲಿ ಯಾರಾದರೂ ಹಾಡಲು ಅಥವಾ ನುಡಿಸಲು ನಿಂತರೆ ಸಾಕು, ಮಾಸ್ತರರ ಹೆಬ್ಬೆರಳು ಸದ್ದು ತೆಗೆಯುವ ಗುಂಡಿಯ ಮೇಲೆ ಹೋಗುತ್ತಿತ್ತು. ಸ್ವಲ್ಪ ಹೊತ್ತು ನೋಡಿ “ಖರೇ” ಅನ್ನುವರು, ಇಲ್ಲವೇ “ಸುಳ್ಳು” ಅನ್ನುವರು. “ಕಿವಿ ಲಗೂ ಮೋಸ ಹೋಗ್ತಾವ ತಂಗಿ, ಕಣ್ಣಿಗೆ ಕೆಲಸ ಕೊಡು” ಎನ್ನುವುದು ಅವರ ಮಾತು.

ಈ ಕಣ್ಣು ಅವರಿಗೆ ಬಂದದ್ದು ಕಸುಬಿನಿಂದ. ಮದುವೆಯವರಿಗೆ ಬ್ಯಾಂಡಿನ ಸಾಲು ಉದ್ದ ಕಾಣಬೇಕು. ಊದಲು ಬರುವವರು ಮಾಸ್ತರರ ಹತ್ತಿರ ಹನ್ನೆರಡು ಜನ. ಮಿಕ್ಕವರಿಗೆ ಕೋಟು ತೊಡಿಸಿ, ಕೈಗೆ ವಾದ್ಯ ಕೊಟ್ಟು ನಿಲ್ಲಿಸುತ್ತಿದ್ದರು. ಬ್ಯಾಂಡಿನವರು ಇವರನ್ನು ಡಮ್ಮಿ ಎನ್ನುತ್ತಾರೆ. ಮರೆತು ಊದಿದರೂ ಸದ್ದು ಬರಬಾರದೆಂದು ಡಮ್ಮಿಯ ವಾದ್ಯದೊಳಗೆ ಅರಿವೆ ತುರುಕಿರುತ್ತಾರೆ. ನಮ್ಮಪ್ಪ ಫಕ್ಕೀರಪ್ಪ ಬ್ಯಾಡಗಿ ಮಾರ್ಕೆಟ್ಟಿನಲ್ಲಿ ಚೀಲ ಹೊರುವ ಹಮಾಲ. ಲಗ್ನದ ದಿನಗಳಲ್ಲಿ ಇಪ್ಪತ್ತು ವರ್ಷ ಮಾಸ್ತರರ ಡಮ್ಮಿ. ಹಲಗೇರಿಯಲ್ಲಿ ಅಪ್ಪನಿಗೆ ಬಾಜಾದ ಫಕ್ಕೀರಪ್ಪ ಎಂದೇ ಹೆಸರು. ನನಗೆ ನಿಜ ಗೊತ್ತಾದದ್ದು ಹನ್ನೆರಡನೇ ವರ್ಷದಲ್ಲಿ. ಅಲ್ಲಿಯವರೆಗೆ ಶಾಲೆಯಲ್ಲಿ ಎಲ್ಲರಿಗೂ ನಮ್ಮಪ್ಪ ಊದುತ್ತಾನೆ ಎಂದೇ ಹೇಳಿದ್ದೆ.

ಡಮ್ಮಿಗಳಿಗೂ ತಾಲೀಮು ಇತ್ತು. ಅಂಗಡಿಯ ಹಿತ್ತಲಲ್ಲಿ ಅವರನ್ನು ಸಾಲಾಗಿ ನಿಲ್ಲಿಸಿ ಮಾಸ್ತರ ಹೇಳುವುದನ್ನು ಕೇಳಿದ್ದೇನೆ.

“ಹಾಡು ಸುರು ಆಗೂಕಿಂತ ಮೊದಲು ಉಸಿರು ತಗೋರ್ಯೋ. ಅದನ್ಯಾರು ನೋಡ್ತಾರ ಅನಬ್ಯಾಡ್ರಿ. ನೋಡಿರ್ತಾರ, ನೋಡೇವಿ ಅನ್ನೂದು ಅವರಿಗೂ ಗೊತ್ತಿರೂದಿಲ್ಲ. ಬೆರಳು ನೋಡ್ಕೋತ ನಿಂದ್ರಬ್ಯಾಡ್ರಿ, ಊದಾವ ತನ್ನ ಬೆರಳು ನೋಡೂದಿಲ್ಲ. ಡೋಲಿನವನ ಮಾರಿ ನೋಡ್ತಾನ. ಮತ್ತ ನಡುವ ಒಮ್ಮೆ ತಪ್ಪ ಮಾಡ್ರಿ. ಡಮ್ಮಿ ಸಿಕ್ಕೊಳ್ಳೂದು ಒಂದೂ ತಪ್ಪ ಮಾಡದ್ದಕ್ಕ.”

ಕುಮಾರಪಟ್ಟಣದ ಒಂದು ಮದುವೆಯಲ್ಲಿ ಈ ತಾಲೀಮಿಗೆ ಪರೀಕ್ಷೆ ಬಂತು. ಹುಡುಗಿಯ ಸೋದರಮಾವನಿಗೆ ಹೇಗೋ ಅನುಮಾನ ಬಂದು, ಮೆರವಣಿಗೆ ನಿಲ್ಲಿಸಿ, ಒಬ್ಬೊಬ್ಬರೇ ಊದಿ ತೋರಿಸಿ ಎಂದ. ಮೂರು ಜನ ಊದಿದರು. ನಾಲ್ಕನೆಯವನು ನಮ್ಮಪ್ಪ. ಅಪ್ಪ ದೊಡ್ಡ ಬಾಜಾ ಎತ್ತಿದ, ಎದೆ ತುಂಬ ಉಸಿರು ತೆಗೆದುಕೊಂಡ, ಗಲ್ಲ ಉಬ್ಬಿಸಿದ. ಕುತ್ತಿಗೆಯ ನರ ಎದ್ದವು, ಹಣೆಯಲ್ಲಿ ಬೆವರು ಬಂತು. ಸದ್ದು ಬರಲಿಲ್ಲ. ಅಪ್ಪ ವಾದ್ಯ ಕೆಳಗಿಳಿಸಿ ಅದರ ಮುಖ ನೋಡಿದ, ಒರೆಸಿದ, ಮತ್ತೆ ಎತ್ತಿ ಊದಿದ. ಆಗ ಆ ಸೋದರಮಾವ ಮಾಸ್ತರರ ಕಡೆ ತಿರುಗಿದ.

“ಏನ್ರಿ ಮಾಸ್ತರ, ಕೆಟ್ಟ ಸಾಮಾನು ಕೊಟ್ಟು ಬಡವನ ಜೀವ ಯಾಕ ತಗೀತೀರಿ? ಊದಿ ಊದಿ ಸಾಯಾಕತ್ತಾನ ಅಂವಾ.”

“ತಪ್ಪಾತ್ರಿ ಸಾವ್ಕಾರ್ರ. ನಾಳೆ ರಿಪೇರಿ ಮಾಡಸ್ತೇನ್ರಿ” ಎಂದರು ಮಾಸ್ತರ. ಪರೀಕ್ಷೆ ಅಲ್ಲಿಗೇ ಮುಗಿಯಿತು.

ಮಾಸ್ತರರ ಜೊತೆ ನಾನು ಆ ವರ್ಷ ಒಂಬತ್ತು ಸಿನಿಮಾ ನೋಡಿದೆ, ಗೆಳತಿಯ ಲ್ಯಾಪ್‌ಟಾಪಿನಲ್ಲಿ, ಸದ್ದಿಲ್ಲದೆ. ಒಂದರಲ್ಲಿ ನಟನಿಗೆ ಕೂದಲು, ಹಲ್ಲು, ಬಟ್ಟೆ, ನಡಿಗೆ ಎಲ್ಲ ಆ ಗಾಯಕನದೇ. ನಾನು ಓದಿದ ವಿಮರ್ಶೆಗಳೆಲ್ಲ ಹೊಗಳಿದ್ದವು. ಮಾಸ್ತರ ಎಲೆ ಅಡಿಕೆ ಹಾಕಿಕೊಂಡು ಪೂರ್ತಿ ನೋಡಿ, “ವೇಷ ಬಾಳ ಚಲೋ ಐತಿ. ಸಾವಿರ ಮಂದಿ ಮುಂದ ಕುಣದು ಹಾಡ್ಯಾನ, ಹಾಡು ಮುಗಿದ ಮ್ಯಾಲೆ ಇವನ ಎದಿ ಏರಿಳಿಯವಲ್ದು. ಸುಳ್ಳು” ಎಂದರು. ಇನ್ನೊಂದರಲ್ಲಿ ನಟನಿಗೂ ನಿಜವಾದ ಸಂಗೀತಗಾರನಿಗೂ ಮೂಗು ಸಹ ಹೋಲುತ್ತಿರಲಿಲ್ಲ. ಅವನು ಗಿಟಾರ್ ನುಡಿಸುತ್ತಾ ಡ್ರಮ್ ಬಾರಿಸುವವನ ಕಡೆ ಒಮ್ಮೆ ತಿರುಗಿ, ತಾನು ಒಂದು ಕ್ಷಣ ತಡವಾದದ್ದಕ್ಕೆ ನಕ್ಕ. “ಖರೇ” ಎಂದರು. ಹಾಡಿದ್ದು ಅವನ ದನಿಯಲ್ಲ, ಹಳೇ ರೆಕಾರ್ಡಿನದು ಎಂದು ನಾನು ಹೇಳಿದೆ. “ಇರಲಿ ಬಿಡು, ದನಿ ಯಾರದರ ಇರಲಿ. ದಣಿವು ಇವಂದೈತಿ.”

ವರದಿ ಅರ್ಧವಾದಾಗ ಸರ್ ತಕರಾರು ತೆಗೆದರು. ಕುಮಾರಪಟ್ಟಣದ ಘಟನೆಯೇ ವರದಿಯ ಜೀವ, ಅದರಲ್ಲಿದ್ದವರ ಹೆಸರಿಲ್ಲದೆ ವರದಿ ಒಪ್ಪಿಸಿದರೆ ಹೊರಗಿನ ಪರೀಕ್ಷಕರು ಹಿಂದಕ್ಕೆ ಕಳಿಸುತ್ತಾರೆ ಎಂದರು. ನಾನು ಮಾಸ್ತರರ ಅಂಗಡಿಗೆ ಹೋದೆ. ಅಪ್ಪನೂ ಅಲ್ಲೇ ಇದ್ದ, ಬಾಜಾ ತಿಕ್ಕುತ್ತಿದ್ದ.

“ನನ್ನ ಹೆಸರು ಬರಿ. ಡಮ್ಮಿ ಎಲ್ಲಾ ಬ್ಯಾಂಡಿನ್ಯಾಗೂ ಅದಾರ, ಒಪ್ಕೊಂಡಾಂವ ದಾವಲಸಾಬ ಒಬ್ಬನ ಅಂತ ಬರಿ” ಎಂದರು ಮಾಸ್ತರ. “ಈಗೇನು, ಮಂದಿ ಡಿಜೆ ಕರಸಾಕತ್ತಾರ. ಅದರಾಗ ಒಬ್ಬಾಂವನೂ ಊದೂದಿಲ್ಲ.”

ಅಪ್ಪ ತಿಕ್ಕುವುದನ್ನು ನಿಲ್ಲಿಸಲಿಲ್ಲ. “ನನ್ನ ಹೆಸರು ಬ್ಯಾಡ ಯವ್ವಾ. ಊರಾಗ ಬಾಜಾದ ಫಕ್ಕೀರಪ್ಪ ಅಂತಾರ. ಸಾಯೂತನಕ ಅಷ್ಟರ ಇರಲಿ.”

ಹಾಗಾಗಿ ಮಾಸ್ತರರ ಹೆಸರು, ಅಂಗಡಿಯ ವಿಳಾಸ ಎಲ್ಲ ಬರೆದು, ಅಪ್ಪನನ್ನು ‘ಅವರ ತಂಡದ ಒಬ್ಬ ಡಮ್ಮಿ’ ಎಂದು ಬರೆದೆ. ಓದಿ ಹೇಳಿದಾಗ ಮಾಸ್ತರ ಕೈ ಎತ್ತಿ ತಡೆದರು.

“ಡಮ್ಮಿ ಅಂತ ಬರೀಬ್ಯಾಡ. ಒಬ್ಬ ವಾದಕ ಅಂತ ಬರಿ.”

“ಅದು ಸುಳ್ಳಾಗತೈತಿ ಕಾಕಾ.”

“ಯಾಕ ಸುಳ್ಳಾಗತೈತಿ? ಇಪ್ಪತ್ತು ವರ್ಷ ನನ್ನ ಸಾಲಿನ್ಯಾಗ ನಿಂತಾನ. ಊದಿಲ್ಲ ಅಷ್ಟ. ಉಳಿದದ್ದೆಲ್ಲಾ ಮಾಡ್ಯಾನ.”

ಹಾಗೆಯೇ ಬರೆದೆ. ಮೌಖಿಕ ಪರೀಕ್ಷೆಯ ದಿನ ಹೊರಗಿನಿಂದ ಬಂದ ಮೇಡಂ ಒಂದು ದೃಶ್ಯ ಹಾಕಿ ತೋರಿಸು ಎಂದರು. ಸದ್ದು ತೆಗೆದು ಹಾಕಿದೆ. ಎಲ್ಲಿ ನೋಡಬೇಕು, ಯಾಕೆ ನೋಡಬೇಕು ಎಂದು ಹೇಳುತ್ತಾ ಹೋದೆ. ಎರಡನೇ ದೃಶ್ಯಕ್ಕೆ ನಾನು ಬಾಯಿ ತೆರೆಯುವ ಮೊದಲೇ ನಮ್ಮ ಸರ್ ಮುಂದೆ ಬಾಗಿ, “ಉಸಿರ ತಗೊಳ್ಳಲಿಲ್ಲ ನೋಡ್ರಿ ಮೇಡಂ ಇಂವಾ” ಎಂದರು. ವರದಿ ಪಾಸಾಯಿತು.

ಫಲಿತಾಂಶ ಬಂದ ದಿನ ಪೇಡೆ ತೆಗೆದುಕೊಂಡು ಹೋದಾಗ ಮಾಸ್ತರ ಮಂಚದ ಮೇಲಿದ್ದರು. ಪುಪ್ಪುಸ ಕೆಟ್ಟಿತ್ತು. ಒಂದು ಮಾತಿಗೂ ಇನ್ನೊಂದಕ್ಕೂ ನಡುವೆ ಬಹಳ ಹೊತ್ತು ಹಿಡಿಯುತ್ತಿತ್ತು. ಪಾಸಾದದ್ದು ಕೇಳಿ “ಚಲೋ ಆತು” ಎಂದರು, ಅರ್ಧ ಪೇಡೆ ತಿಂದರು, ಟಿವಿಯ ಕಡೆ ತಿರುಗಿದರು. ನಾನು ಅವರನ್ನು ನೋಡಿದ್ದು ಅದೇ ಕೊನೆ. ಎರಡು ತಿಂಗಳಿಗೆ ತೀರಿಕೊಂಡರು. ಅವರ ಧರ್ಮದಲ್ಲಿ ಮಣ್ಣು ಮಾಡುವಾಗ ಬಾಜಾ ಊದುವುದಿಲ್ಲ. ತಂಡದವರೆಲ್ಲ ಬರಿಗೈಯಲ್ಲಿ ಬಂದು ಸಾಲಾಗಿ ನಿಂತರು. ಅಪ್ಪನಿಗೆ ಕೈ ಎಲ್ಲಿಟ್ಟುಕೊಳ್ಳಬೇಕೆಂದು ತಿಳಿಯಲಿಲ್ಲ.

ಡಿಗ್ರಿ ಪ್ರಮಾಣಪತ್ರ ಬಂದಾಗ ಅಪ್ಪನನ್ನೂ ಕರೆದುಕೊಂಡು ಹಾವೇರಿಗೆ ಹೋದೆ. ಕಾಲೇಜಿನ ಕಚೇರಿಯಲ್ಲಿ ನಾನು ಸಹಿ ಮಾಡಿದೆ, ಗುಮಾಸ್ತರು ಕಿಟಕಿಯಿಂದ ಕೊಟ್ಟರು, ನಾನು ಅದನ್ನು ಅಪ್ಪನ ಕೈಗಿಟ್ಟೆ. ಅಪ್ಪ ನನ್ನ ಹೆಸರಿನ ಮೇಲೆ ಬೆರಳಾಡಿಸಿದ.

“ಆ ನೀ ಬರದ ವರದಿ ಎಲ್ಲೈತಿ?”

“ಇಲ್ಲೇ, ಲೈಬ್ರರ್ಯಾಗ ಇಟ್ಕೊಂಡಾರ.”

“ಅದರಾಗ ಮಾಸ್ತರ ಹೆಸರೈತಿ?”

“ಐತೆಪಾ.”

ಅಪ್ಪ ಪ್ರಮಾಣಪತ್ರವನ್ನು ನನಗೆ ಹಿಂದಕ್ಕೆ ಕೊಟ್ಟು ಕಿಟಕಿಯ ಕಡೆ ನೋಡಿದ.

“ಅವರ ಬಾಜೂಕ ನನ್ನ ಹೆಸರು ಈಗ ಬರಿಯಾಕ ಬರತೈತೇನು, ಒಂದೀಟು ಕೇಳು ಯವ್ವಾ.”